ಬಿ.ಎಸ್ಸಿ. ಓದುವವರ ಕನ್ನಡ ಪೇಪರ್

ಭೌತಶಾಸ್ತ್ರ ಸಲೀಸು, ಹಳಗನ್ನಡದ ಪದ್ಯ ಕಂಡರೆ ಮಾತ್ರ ಕೈಕಾಲು ನಡುಗುತ್ತದೆ ಎನ್ನುವ ಬಿ.ಎಸ್ಸಿ. ವಿದ್ಯಾರ್ಥಿಗಳು ಬಹಳ. ಕೊನೆಯ ವಾರ ಗೈಡು ಹಿಡಿದು ಸಾರಾಂಶ ಉರುಹೊಡೆಯುತ್ತಾರೆ. ಅಷ್ಟು ಕಷ್ಟ ಬೇಕಿಲ್ಲ. ಈ ಪೇಪರಿನ ಒಂದು ಭಾಗ ಶುದ್ಧ ಲೆಕ್ಕ. ಅಲ್ಲಿಂದಲೇ ಶುರುಮಾಡಿ.

ಛಂದಸ್ಸು ಎಂದರೆ ಪದ್ಯದ ಅಳತೆ. ಲಘು ಅಕ್ಷರಕ್ಕೆ 1 ಮಾತ್ರೆ, ಗುರುವಿಗೆ 2. ದೀರ್ಘಾಕ್ಷರ ಗುರು. ಅನುಸ್ವಾರ, ವಿಸರ್ಗ ಇದ್ದರೂ ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲೇ. ‘ವಿಜ್ಞಾನ’ ತೆಗೆದುಕೊಳ್ಳಿ. ‘ವಿ’ ಹ್ರಸ್ವ, ಆದರೆ ಮುಂದೆ ಒತ್ತಕ್ಷರ ಇರುವುದರಿಂದ ಗುರು. ‘ಜ್ಞಾ’ ಗುರು, ‘ನ’ ಲಘು. ಒಟ್ಟು 5 ಮಾತ್ರೆ.

ಅಕ್ಷರಗಣದ ಲೆಕ್ಕದಲ್ಲಿ ಮೂರು ಅಕ್ಷರಕ್ಕೆ ಒಂದು ಗಣ. ಪ್ರತಿ ಅಕ್ಷರಕ್ಕೆ ಎರಡೇ ಸಾಧ್ಯತೆ, ಆದ್ದರಿಂದ ಗಣಗಳು 8. ನೆನಪಿಡಲು ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವಿದೆ. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ಎಣಿಸಿ. ‘ತಾರಾಜ’ ಎಂದರೆ ಗುರು, ಗುರು, ಲಘು. ಅದು ತಗಣ. ನಿಮ್ಮ ‘ವಿಜ್ಞಾನ’ವೂ ತಗಣವೇ! ಬೈನರಿ, ಅಂದರೆ ಎರಡೇ ಅಂಕಿಯ ಎಣಿಕೆ, ಗೊತ್ತಿದ್ದವರಿಗೆ ಈ ಸೂತ್ರದ ಜಾಣ್ಮೆ ಬೇಗ ಹಿಡಿಸುತ್ತದೆ.

ಮಾತ್ರೆ ಎಣಿಸಿದ್ದು ಸರಿಯೇ ಎಂದು ಅಲ್ಲೇ ತಾಳೆ ನೋಡಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಿಗೆ ತಲಾ 14 ಮಾತ್ರೆ. 3 ಮತ್ತು 6ಕ್ಕೆ ತಲಾ 23. ಒಟ್ಟು 102. ಕಂದಪದ್ಯಕ್ಕೆ 64. ಲೆಕ್ಕ ತಪ್ಪಿದರೆ ಮೊದಲು ಒತ್ತಕ್ಷರಗಳನ್ನು ನೋಡಿ.

ಹಳಗನ್ನಡಕ್ಕೂ ನಿಯಮಗಳಿವೆ. ಪದದ ಮೊದಲಿನ ‘ಪ’ ಎಷ್ಟೋ ಕಡೆ ‘ಹ’ ಆಗಿದೆ: ಪುಲಿ ಹುಲಿ, ಪಗಲ್ ಹಗಲು. ಸಂಸ್ಕೃತದ ‘ಪುಸ್ತಕ’, ‘ಪೂಜೆ’ ಮಾತ್ರ ಹಾಗೇ ಉಳಿದವು. ‘ಮರದೊಳ್’ ಎಂದರೆ ಮರದಲ್ಲಿ. ಛಂದಸ್ಸಿಗಾಗಿ ಕವಿ ಪದಗಳನ್ನು ಹಿಂದುಮುಂದು ಮಾಡಿರುತ್ತಾನೆ. ಮೊದಲು ಕ್ರಿಯಾಪದ ಹುಡುಕಿ. ಆಮೇಲೆ ಯಾರು, ಯಾರನ್ನು, ಎಲ್ಲಿ ಎಂದು ಕೇಳಿಕೊಳ್ಳಿ. ಹೀಗೆ ಜೋಡಿಸುವುದಕ್ಕೆ ಅನ್ವಯ ಎನ್ನುತ್ತಾರೆ.

‘ಪ್ರಬಂಧ ಪ್ರಶ್ನೆಗೆ ಒಂದೇ ಸರಿಯುತ್ತರ ಇಲ್ಲವಲ್ಲ?’ ಇಲ್ಲ, ನಿಜ. ಆದರೆ ಬಾಯಿಗೆ ಬಂದದ್ದೂ ಉತ್ತರವಲ್ಲ. ಒಂದು ಮಾತು ಹೇಳಿ, ಅದಕ್ಕೆ ಪದ್ಯದಿಂದಲೇ ಆಧಾರ ಕೊಡಿ, ಆ ಆಧಾರ ನಿಮ್ಮ ಮಾತಿಗೆ ಹೇಗೆ ಒದಗುತ್ತದೆ ಎಂದು ಬಿಡಿಸಿ. ಲ್ಯಾಬ್ ರೆಕಾರ್ಡಿನಲ್ಲಿ ನೀವು ಮಾಡುವುದೂ ಇದನ್ನೇ. ಬರೀ ಕಥೆ ಹೇಳಿ ಮುಗಿಸಿದರೆ ಪುಟ ತುಂಬುತ್ತದೆ, ಅಂಕ ತುಂಬುವುದಿಲ್ಲ. ಸಂದರ್ಭ ಬರೆಯುವಾಗ ಕವಿ, ಕೃತಿ, ಯಾರು ಯಾರಿಗೆ ಹೇಳಿದ್ದು, ಸ್ವಾರಸ್ಯ, ಇಷ್ಟೂ ಇರಲಿ. ಸ್ವಾರಸ್ಯ ಬಿಟ್ಟುಬಿಡುವವರೇ ಜಾಸ್ತಿ.

ಖರ್ಚು ಅಷ್ಟಾಗಿ ಇಲ್ಲ. ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಆನ್‌ಲೈನಿನಲ್ಲಿ ಉಚಿತ. ವಚನಗಳನ್ನು ಪದ ಕೊಟ್ಟು ಹುಡುಕಲು ‘ವಚನ ಸಂಚಯ’ವೂ ಉಚಿತ. 1894ರ ಕಿಟ್ಟೆಲ್ ನಿಘಂಟು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ವ್ಯಾಕರಣಕ್ಕೆ ತೀ.ನಂ.ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಕಾಲೇಜು ಲೈಬ್ರರಿಯಲ್ಲಿ ಕೇಳಿ ನೋಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಅಲ್ಲೇ ತೆಗೆಸಿ. ಅಂಕಗಳ ಹಂಚಿಕೆ ವಿಶ್ವವಿದ್ಯಾಲಯಕ್ಕೊಂದು ಥರ ಇರುತ್ತದೆ. ಇನ್ನು, ಪಠ್ಯದ ಪದ್ಯಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ತೋರಿಸುವಂತೆ ನಿಮ್ಮ ಕನ್ನಡ ಮೇಷ್ಟ್ರನ್ನೋ ಮೇಡಮ್ಮನ್ನೋ ಕೇಳಿ. ಎಲ್ಲಿ ಪದ ಒಡೆಯಬೇಕು ಎಂಬುದು ಕಿವಿಗೆ ಬಿದ್ದರೆ ಅನ್ವಯದ ಕೆಲಸ ಅರ್ಧ ಆದ ಹಾಗೆ.