ತೋಳಿನೊಳಗಿನ ಕಡ್ಡಿ: ಗುಣವೆಷ್ಟು, ತೊಂದರೆಯೇನು?

ಹಿರೇಗುಂಟನೂರಿನಂಥ ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ‘ಆಪರೇಷನ್ ಆಯ್ತಾ?’ ಎಂದು ಹೆಂಗಸರನ್ನು ಕೇಳಿದರೆ, ಯಾವ ಆಪರೇಷನ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆದರೆ ಮದುವೆಯಾಗಿಯೂ ಓದು ಮುಂದುವರಿಸುವ ಹುಡುಗಿಗೆ, ಎರಡು ಹೆರಿಗೆಗಳ ನಡುವೆ ಅಂತರ ಬಯಸುವ ತಾಯಿಗೆ ಇದರಿಂದ ಪ್ರಯೋಜನವಿಲ್ಲ. ಅಂಥವರಿಗೆ ಗುಳಿಗೆ, ವಂಕಿಗಳ ಜೊತೆಗೆ ಇನ್ನೊಂದು ದಾರಿ ತೋಳಿನ ಕಡ್ಡಿ, ಅಂದರೆ ಇಂಪ್ಲಾಂಟ್. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಇದನ್ನು ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಕೈಗೆತ್ತಿಕೊಂಡಿತು.

ಇದು 4 ಸೆಂ.ಮೀ. ಉದ್ದದ, ಬೆಂಕಿಕಡ್ಡಿಯಷ್ಟು ದಪ್ಪದ ಮೆದು ಕಡ್ಡಿ. ಚರ್ಮ ಮರಗಟ್ಟಿಸಿ, ತೋಳಿನ ಒಳಬದಿಯಲ್ಲಿ ಇಡುತ್ತಾರೆ. ಅದರಿಂದ ದಿನವೂ ಒಸರುವ ಹಾರ್ಮೋನು ಅಂಡ ಬಿಡುಗಡೆಯನ್ನು ತಡೆಯುತ್ತದೆ. ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸುತ್ತದೆ. ಮೂರು ವರ್ಷ ಕೆಲಸ ಮಾಡುತ್ತದೆ. ಸಾವಿರ ಮಂದಿ ಒಂದು ವರ್ಷ ಬಳಸಿದರೆ ಬಸಿರಾಗುವವರು ಹೆಚ್ಚೆಂದರೆ ಒಬ್ಬರು. ಗುಳಿಗೆಯಲ್ಲಾದರೆ, ಮರೆವೂ ಸೇರಿ, ನೂರಕ್ಕೆ ಸುಮಾರು ಏಳು ಮಂದಿ. ಕಡ್ಡಿ ತೆಗೆಸಿದ ಮೇಲೆ ಬೇಗನೆ ಮತ್ತೆ ಗರ್ಭ ಧರಿಸಬಹುದು.

ಹಾಗಾದರೆ ತೊಂದರೆ? ತಲೆನೋವು, ಮೊಡವೆ, ತೂಕ ಹೆಚ್ಚಳ ಕೆಲವರಲ್ಲಿ ಉಂಟು. ಮುಖ್ಯವಾದುದು ಮುಟ್ಟಿನ ಏರುಪೇರು. ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇ ಹೋಗಬಹುದು. ಕೆಲವರಿಗೆ ವಾರಗಟ್ಟಲೆ ಹನಿಹನಿಯಾಗಿ ಹೋಗುತ್ತದೆ. ಇದು ಸಾಮಾನ್ಯವಾಗಿ ಅಪಾಯವಲ್ಲ. ಆದರೂ ಅಧ್ಯಯನಗಳಲ್ಲಿ ಹತ್ತರಲ್ಲೊಬ್ಬರು ಇದೇ ಕಾರಣಕ್ಕೆ ಕಡ್ಡಿ ತೆಗೆಸಿದ್ದಾರೆ. ಮುಟ್ಟಾದವರನ್ನು ಹೊರಗಿರಿಸುವ ಪದ್ಧತಿ ಈ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಕಂಡುಬಂದಿದೆ. ಅಂಥಲ್ಲಿ ವಾರಗಟ್ಟಲೆ ಸ್ರಾವವೆಂದರೆ ಆಕೆ ವಾರಗಟ್ಟಲೆ ಮನೆಯಿಂದ ಹೊರಗೆ! ಔಷಧದ ಪುಸ್ತಕದಲ್ಲಿ ಸಣ್ಣದೆನಿಸುವ ತೊಂದರೆ ಅವಳ ಬದುಕಿನಲ್ಲಿ ಸಣ್ಣದಲ್ಲ.

ಆದ್ದರಿಂದ ಇದನ್ನೆಲ್ಲ ಕಡ್ಡಿ ಹಾಕುವ ಮೊದಲೇ ಹೇಳಬೇಕು. ಆರು ಕಡ್ಡಿಗಳ ಹಳೆಯ ‘ನಾರ್‌ಪ್ಲಾಂಟ್’ ಮೇಲೆ ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಪರೀಕ್ಷೆಗಳು ನಡೆದಾಗ, ಪೂರ್ಣ ಮಾಹಿತಿ ಕೊಡದೆ ಒಪ್ಪಿಗೆ ಪಡೆಯಲಾಗುತ್ತಿದೆ ಎಂದು ಮಹಿಳಾ ಸಂಘಟನೆಗಳು ಪ್ರತಿಭಟಿಸಿದ್ದವು.

ಕೆಲವು ಎಚ್ಚರಿಕೆಗಳು: ಸ್ತನ ಕ್ಯಾನ್ಸರ್, ತೀವ್ರ ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಸಲ್ಲದು. ಕ್ಷಯದ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಕೆಲವು ಮಾತ್ರೆಗಳು ಕಡ್ಡಿಯ ಶಕ್ತಿಯನ್ನು ಕುಂದಿಸುತ್ತವೆ. ಏಡ್ಸ್‌ನಂಥ ಸೋಂಕುಗಳನ್ನು ಇದು ತಡೆಯದು. ಅದಕ್ಕೆ ನಿರೋಧ್ ಬೇಕೇ ಬೇಕು.

ತಾಯಂದಿರೇ, ಮಗಳಾಗಲಿ ಸೊಸೆಯಾಗಲಿ, ಆಸ್ಪತ್ರೆಗೆ ಹೋದಾಗ ಎರಡು ಪ್ರಶ್ನೆ ಕೇಳಲು ಹೇಳಿ: ‘ನನ್ನ ಮುಟ್ಟು ಹೇಗೆ ಬದಲಾದೀತು? ಬೇಡವೆನಿಸಿದ ದಿನ ಇಲ್ಲೇ ತೆಗೆದುಕೊಡುತ್ತೀರಾ?’ ಎರಡನೆಯದಕ್ಕೆ ‘ಹೌದು’ ಎಂಬ ಉತ್ತರ ಸಿಕ್ಕಿದ ಮೇಲೆಯೇ ಅವಳು ತೋಳು ಚಾಚಲಿ.