ಪ್ರಯೋಗಶಾಲೆಗೆ ನಮ್ಮೂರ ಮಣ್ಣು

ಹೈಸ್ಕೂಲಿನ ಹುಡುಗನೊಬ್ಬನ ಪ್ರಯೋಗದ ವಹಿಯನ್ನು ತೆರೆದು ನೋಡಿರಿ. ಉದ್ದೇಶ, ಸಾಮಗ್ರಿ, ವಿಧಾನ, ನಿರ್ಣಯ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಆದರೆ ಆ ನಿರ್ಣಯವು ಪ್ರಯೋಗಕ್ಕಿಂತ ಮೊದಲೇ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ತನ್ನ ಕೈಗೆ ಬೇರೊಂದು ಉತ್ತರ ಬಂದರೆ ಹುಡುಗನು ಅದನ್ನು ಅಳಿಸಿ ಪುಸ್ತಕದ ಉತ್ತರವನ್ನೇ ಬರೆಯುತ್ತಾನೆ. ವಿಜ್ಞಾನವೆಂದರೆ ಇಷ್ಟೇ ಎಂಬ ಭಾವನೆಯಿಂದಲೇ ಶಾಲೆಯನ್ನೂ ಬಿಡುತ್ತಾನೆ. ಉತ್ತರ ತಿಳಿಯದ ಪ್ರಶ್ನೆಯ ಮುಂದೆ ಬಲ್ಲವರೂ ತಾಳ್ಮೆಯಿಂದ ಕುಳಿತಿರುವುದನ್ನು ಅವನು ಕಾಣುವುದೆಲ್ಲಿ? ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗದಲ್ಲಿ ಒಂದು ವಾರ ದುಡಿದರೆ ಅದನ್ನು ಕಾಣಬಹುದು.

ಈ ವಿಚಾರವು ನಮಗೆ ಹೊಸತಲ್ಲ. ಕೈಗೆಲಸದ ಮೂಲಕವೇ ಕಲಿಕೆ ನಡೆಯಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಸಾರಿದರು. 1964ರಿಂದ 1966ರವರೆಗೆ ಕೆಲಸ ಮಾಡಿದ ಶಿಕ್ಷಣ ಆಯೋಗವು ‘ಕಾರ್ಯಾನುಭವ’ವು ಶಾಲಾಶಿಕ್ಷಣದ ಅಂಗವಾಗಬೇಕೆಂದು ಶಿಫಾರಸು ಮಾಡಿತು, ಅದರ ಅಧ್ಯಕ್ಷರಾದ ಡಿ. ಎಸ್. ಕೊಠಾರಿಯವರು ಸ್ವತಃ ಭೌತವಿಜ್ಞಾನಿಗಳು. ಬ್ರಿಟನ್ನಿನಲ್ಲಿ ಶಾಲೆಯ ಕೊನೆಯ ವರ್ಷದ ಮಕ್ಕಳ ಕಾರ್ಯಾನುಭವಕ್ಕೆಂದೇ 1973ರಲ್ಲಿ ಒಂದು ಕಾಯಿದೆ ಬಂದಿತು. ನಮ್ಮಲ್ಲಿ 1999ರಲ್ಲಿ ಆರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ನಡೆಸಿತು. 2022ರಲ್ಲಿ ಅದು ‘ಇನ್‌ಸ್ಪೈರ್’ ಯೋಜನೆಯಲ್ಲಿ ಲೀನವಾಯಿತು. ಆದರೆ ಇವೆರಡೂ ಪರೀಕ್ಷೆಗಳಲ್ಲಿ ಮುಂದಿರುವ ಕೆಲವರಿಗಾಗಿ ರೂಪುಗೊಂಡವು. ನಡುವಣ ಸಾಲಿನ ಬೆಂಚಿನಲ್ಲಿ ಕುಳಿತವರ ಗತಿಯೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಕ್ಕಳಿಗೆ ವಿಶ್ವವಿದ್ಯಾಲಯವು ತೀರ ದೂರದ್ದೇನೂ ಅಲ್ಲ. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವಿದೆ; 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಬೆಳಗಾವಿಯ ಬಳಿಯಲ್ಲಿಯೇ ಇದೆ. ನಿಪ್ಪಾಣಿಯವರಿಗಂತೂ 1962ರ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೇ ಹತ್ತಿರ. 1954ರಿಂದ 1967ರವರೆಗೆ ಧಾರವಾಡದ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಗಣಿತಜ್ಞ ಡಿ. ಸಿ. ಪಾವಟೆಯವರು ನೆರೆಯ ಗೋಕಾಕ ತಾಲೂಕಿನ ಮಮದಾಪುರದವರೇ ಅಲ್ಲವೇ? ಹಳ್ಳಿಯಿಂದ ಅಲ್ಲಿಗೆ ದಾರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಶೋಧನೆಗೆ ವಿಷಯಗಳಿಗೂ ಇಲ್ಲಿ ಬಡತನವಿಲ್ಲ. ನಿಪ್ಪಾಣಿಯ ತಂಬಾಕು, 1939ರಿಂದ ಉಗಾರದಲ್ಲಿರುವ ಸಕ್ಕರೆ ಕಾರಖಾನೆ, ಅಥಣಿಯ ಚರ್ಮಕಾರರ ಚಪ್ಪಲಿ, ಇವೆಲ್ಲದರ ಹಿಂದೆಯೂ ರಸಾಯನಶಾಸ್ತ್ರವಿದೆ. ಎಲ್ಲಕ್ಕಿಂತ ಮಿಗಿಲಾದುದು ಕೃಷ್ಣಾತೀರದ ಸವಳು-ಜವಳು ಭೂಮಿಯ ಸಮಸ್ಯೆ. ಕಬ್ಬಿಗೆ ಹರಿಸಿದ ಹೆಚ್ಚಿನ ನೀರು ಎರೆಭೂಮಿಯಲ್ಲಿ ಬೇಗ ಬಸಿದುಹೋಗದು. ನೆಲದೊಳಗಿನ ನೀರು ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲ್ಪದರದಲ್ಲಿ ಉಳಿಯುತ್ತದೆ.

ಕಾಗವಾಡದ ಕಡೆಯ ರೈತನ ಮಗಳೊಬ್ಬಳು ತನ್ನ ಹೊಲದ ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ರಸಾಯನಶಾಸ್ತ್ರ ವಿಭಾಗಕ್ಕೆ ಹೋದಳೆಂದು ಭಾವಿಸೋಣ. ಮಣ್ಣನ್ನು ನೆರಳಿನಲ್ಲಿ ಆರಿಸುವುದು, ಕುಟ್ಟಿ ಜರಡಿ ಹಿಡಿಯುವುದು, ತೂಗುವುದು, ಗಾಜಿನ ಪಾತ್ರೆಗಳನ್ನು ತೊಳೆಯುವುದು, ಇವೇ ಅವಳ ಮೊದಲ ಕೆಲಸಗಳು. ಬಳಿಕ ಮಣ್ಣನ್ನು ನೀರಿನಿಂದ ಪೂರ್ತಿ ತೋಯಿಸಿ ತೆಗೆದ ದ್ರವದಲ್ಲಿ ವಿದ್ಯುತ್ತು ಎಷ್ಟು ಹರಿಯುವುದೆಂದು ಅಳೆಯಬೇಕು. ಅದು ಮೀಟರಿಗೆ 4 ಡೆಸಿಸೀಮೆನ್ಸನ್ನು ಮೀರಿದರೆ ಮಣ್ಣು ಸವಳೆಂದು ಲೆಕ್ಕ. ಮೂರು ಸಲ ಅಳೆದರೆ ಮೂರು ಅಂಕಿಗಳು ಬಂದಾವು! ಈಗ ಅಳಿಸುವಂತಿಲ್ಲ, ವ್ಯತ್ಯಾಸವೇಕೆಂದು ಹುಡುಕಬೇಕು. ಶಾಲೆಯ ವಹಿ ಕಲಿಸಲಾರದ ಪಾಠವಿದು.

ಈ ಪಾಠಕ್ಕೆ ಮನೆಯಲ್ಲಿಯೂ ಬೆಲೆಯಿದೆ. ಕೇವಲ ಉಪ್ಪು ಹೆಚ್ಚಿದ್ದರೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿ ಕ್ಷಾರವೇರಿದ್ದರೆ ಜಿಪ್ಸಂ ಬೇಕಾಗುತ್ತದೆ. ಅಳೆಯದೆ ಔಷಧ ಹಾಕಿದ ತಂದೆಯ ಹಣ ಮಣ್ಣುಪಾಲಾದೀತು.

ಅಡ್ಡಿಗಳಿಲ್ಲವೆಂದಲ್ಲ. ಕನ್ನಡದಲ್ಲಿ ಓದಿದ ಮಗುವಿಗೆ ಸೀಸೆಯ ಮೇಲಿನ ಇಂಗ್ಲಿಷು ಅಂಜಿಕೆ ಹುಟ್ಟಿಸುತ್ತದೆ. ಹೆಣ್ಣುಮಗಳನ್ನು ಪರವೂರಿನಲ್ಲಿ ಇರಿಸಲು ತಾಯಿಯ ಮನಸ್ಸು ಒಪ್ಪದು. ಆಮ್ಲ, ಬೆಂಕಿಗಳ ಭಯ ಬೇರೆ. ವಿಭಾಗವು ಒಬ್ಬ ಸಂಶೋಧನ ವಿದ್ಯಾರ್ಥಿಯನ್ನು ಜೊತೆಗಿರಿಸಿ ಕನ್ನಡದಲ್ಲಿ ತಿಳಿಸಲಿ, ವಸತಿಗೃಹದಲ್ಲಿ ಸುರಕ್ಷಿತವಾದ ಕೋಣೆ ಕೊಡಲಿ, ಅಪಾಯದ ಕೆಲಸವನ್ನು ದೂರವಿಡಲಿ. ಆದರೆ ಮಗುವನ್ನು ಅತಿಥಿಯಂತೆ ಸುತ್ತಾಡಿಸಿ, ಚಹಾ ಕುಡಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಬಾರದು. ಯಾರಿಗಾದರೂ ನಿಜವಾಗಿ ಬೇಕಾದ ಕೆಲಸವನ್ನು ಅದರ ಕೈಗೆ ಕೊಡಬೇಕು.

ಹೀಗೆ ಹೋದವರೆಲ್ಲರೂ ವಿಜ್ಞಾನಿಗಳಾಗರು; ಆಗಬೇಕಾಗಿಯೂ ಇಲ್ಲ. ಕೆಲವರು ಕಬ್ಬನ್ನೇ ಬೆಳೆದಾರು, ಕೆಲವರು ಅಂಗಡಿ ನಡೆಸಿಯಾರು. ಆದರೂ ಮುಂದೆ ಯಾರಾದರೂ ಬಂದು “ಈ ಪುಡಿ ಹಾಕಿರಿ, ಹೊಲ ಚಿನ್ನವಾಗುತ್ತದೆ” ಎಂದಾಗ, “ಅಳೆದು ನೋಡಿದಿರಾ?” ಎಂದು ಅವರು ಕೇಳಬಲ್ಲರು. ಮುಂದಿನ ಬೇಸಗೆಯ ರಜೆಗೆ ಮುನ್ನ ಪಾಲಕರು ಮುಖ್ಯೋಪಾಧ್ಯಾಯರನ್ನು ಕಂಡು ಈ ಮಾತನ್ನೆತ್ತಲಿ. ವಿಶ್ವವಿದ್ಯಾಲಯಕ್ಕೊಂದು ಕಾಗದ ಬರೆಯಲು ಯಾವ ಯೋಜನೆಗೂ ಕಾಯಬೇಕಾಗಿಲ್ಲ.