ಸೋಲು ಯಾರ ಖಾತೆಗೆ?

ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೋಲುತ್ತಿರುವ ತಂಡದ ಕೋಚ್‌ಗೆ ಮುಖ ಮರೆಸಿಕೊಳ್ಳಲು ಜಾಗವಿಲ್ಲ. ಕ್ರಿಕೆಟ್ ಕೋಚ್ ಡ್ರೆಸ್ಸಿಂಗ್ ರೂಮಿನ ಗಾಜಿನ ಹಿಂದೆ ಕೂತಿರುತ್ತಾನೆ, ಮೈದಾನದಲ್ಲಿ ತೀರ್ಮಾನವೆಲ್ಲ ಕ್ಯಾಪ್ಟನ್‌ದು. ಬ್ಯಾಸ್ಕೆಟ್‌ಬಾಲ್ ಕೋಚ್ ಅಂಕಣದ ಗೆರೆಯ ಪಕ್ಕದಲ್ಲೇ ನಿಂತಿರುತ್ತಾನೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಂತೆ ಆಟ ನಡೆಯುವಾಗ ಮುಖ್ಯ ಕೋಚ್ ಅಥವಾ ಅವನ ಮೊದಲ ಸಹಾಯಕ, ಇಬ್ಬರಲ್ಲಿ ಒಬ್ಬ ಮಾತ್ರ ನಿಂತುಕೊಂಡಿರಬಹುದು; ಬೆಂಚಿನ ಉಳಿದವರು ಕೂತಿರಬೇಕು. ಮೊದಲರ್ಧದಲ್ಲಿ ಎರಡು, ದ್ವಿತೀಯಾರ್ಧದಲ್ಲಿ ಮೂರು ಟೈಮ್‌ಔಟ್ ಅವನ ಕೈಯಲ್ಲಿವೆ, ಒಂದೊಂದಕ್ಕೂ ಒಂದೊಂದು ನಿಮಿಷ. ಹನ್ನೆರಡು ಮಂದಿಯಲ್ಲಿ ಯಾವ ಐವರು ಆಡಬೇಕೆಂದು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹೀಗಾಗಿ ಗೆಲುವು ಆಟಗಾರರದಾಗುತ್ತದೆ, ಸೋಲು ಗೆರೆಯ ಪಕ್ಕ ನಿಂತವನದಾಗುತ್ತದೆ.

ಇಂಥ ಕೋಚ್‌ ಬಗ್ಗೆ ಅಭಿಮಾನಿಗಳು ಒಳ್ಳೆಯ ಮಾತಾಡುವುದೂ ಉಂಟು. ಅದನ್ನು ಬರೀ ಕನಿಕರ ಎಂದು ತಳ್ಳಿಹಾಕುವುದು ವಾಡಿಕೆ. ಆದರೆ ಆ ಮಾತುಗಳ ಒಳಗೆ ಹೆಚ್ಚಾಗಿ ಒಂದು ಲೆಕ್ಕ ಇರುತ್ತದೆ: ಈ ಸೋಲುಗಳಲ್ಲಿ ಎಷ್ಟು ಅವನವು, ಎಷ್ಟು ಅವನಿಗೆ ಬಂದು ಸೇರಿದವು? ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಒಂದು ಉದಾಹರಣೆಯಿದೆ. ಅದರ ಕೊನೆಯ ಅಧ್ಯಾಯ ನಡೆದದ್ದು ಭಾರತದಲ್ಲಿ ಎಂಬುದು ಇಲ್ಲಿನ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1991 ಮತ್ತು 1992ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆಗಿತ್ತು, 1994ರಲ್ಲಿ ಫೈನಲ್ ಆಡಿತ್ತು. ಅದರ ಕೋಚ್ ಮೈಕ್ ಶಶೆಫ್‌ಸ್ಕಿ. 1995ರ ಜನವರಿಯಲ್ಲಿ, ತಂಡ 9 ಗೆದ್ದು 3 ಸೋತಿದ್ದಾಗ, ಬೆನ್ನಿನ ಶಸ್ತ್ರಚಿಕಿತ್ಸೆಯ ನೋವು ಮತ್ತು ದಣಿವಿನಿಂದ ಅವರು ಉಳಿದ ಇಡೀ ಋತುವಿಗೆ ರಜೆ ಪಡೆಯಬೇಕಾಯಿತು. ಹೊಣೆ ಸಹಾಯಕ ಕೋಚ್ ಪೀಟ್ ಗಾಡೆಟ್ ಅವರ ಹೆಗಲಿಗೆ ಬಿತ್ತು. ಇದು ಮೊದಲ ಸಲವೂ ಅಲ್ಲ. ಶಶೆಫ್‌ಸ್ಕಿ 1980ರಲ್ಲಿ ಸೇನಾ ಅಕಾಡೆಮಿಯ ತಂಡ ಬಿಟ್ಟು ಡ್ಯೂಕ್‌ಗೆ ಬಂದಾಗ ಅಲ್ಲಿ ಅವರ ಜಾಗಕ್ಕೆ ಬಂದವರೂ ಗಾಡೆಟ್ ಅವರೇ.

ಗಾಡೆಟ್ ಆಗ ಪಡೆಯುತ್ತಿದ್ದ ಸಂಬಳವನ್ನೂ ಹೇಳಬೇಕು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ, ಖರ್ಚು ಕಡಿಮೆ ಮಾಡುವ ಹೆಸರಿನಲ್ಲಿ ಪ್ರತಿ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಒಬ್ಬ ಸಹಾಯಕನ ಆದಾಯಕ್ಕೆ ಮಿತಿ ಹಾಕಿತ್ತು: ಶೈಕ್ಷಣಿಕ ವರ್ಷಕ್ಕೆ 12,000 ಡಾಲರ್, ಬೇಸಿಗೆಗೆ 4,000. ಡ್ಯೂಕ್‌ನಲ್ಲಿ ಆ ಮಿತಿಗೆ ಒಳಪಟ್ಟವರು ಗಾಡೆಟ್. ಮುಂದೆ ಸಹಾಯಕ ಕೋಚ್‌ಗಳು ಒಟ್ಟಾಗಿ ಕೋರ್ಟಿಗೆ ಹೋಗಿ ಗೆದ್ದರು, 1999ರಲ್ಲಿ ಎನ್‌ಸಿಎಎ 54.5 ಮಿಲಿಯನ್ ಡಾಲರ್ ಕೊಟ್ಟು ರಾಜಿಯಾಯಿತು. ಆದರೆ 1995ರಲ್ಲಿ ದೇಶದ ಅತಿ ಹೆಚ್ಚು ಜನ ನೋಡುವ ತಂಡಗಳಲ್ಲಿ ಒಂದನ್ನು ನಡೆಸುವ ಹೊಣೆ ಬಿದ್ದದ್ದು ವರ್ಷಕ್ಕೆ 16,000 ಡಾಲರ್ ಮಿತಿಯ ಸಹಾಯಕನ ಮೇಲೆ.

ಆ ವರ್ಷದ ಪಂದ್ಯಗಳಲ್ಲಿ ಒಂದನ್ನಾದರೂ ವಿವರವಾಗಿ ನೋಡಬೇಕು. ಫೆಬ್ರುವರಿ 2ರಂದು ಡ್ಯೂಕ್‌ನ ಅಂಗಳಕ್ಕೆ ಬದ್ಧ ಎದುರಾಳಿ ನಾರ್ತ್ ಕ್ಯಾರೊಲೈನಾ ಬಂದಿತ್ತು. ಪಂದ್ಯ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಅದು ಮುಗಿಯುವ ಗಳಿಗೆಯಲ್ಲಿ ಡ್ಯೂಕ್‌ನ ಜೆಫ್ ಕೇಪಲ್ ಹೆಚ್ಚುಕಡಿಮೆ ಅರ್ಧ ಅಂಕಣದಿಂದ ಎಸೆದ ಚೆಂಡು ಬಳೆಯೊಳಗೆ ಇಳಿದು ಮತ್ತೆ ಸಮ. ಎರಡನೇ ಹೆಚ್ಚುವರಿ ಅವಧಿಯಲ್ಲಿ ಡ್ಯೂಕ್ 102–100ರಿಂದ ಸೋತಿತು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮರೆಯಲಾಗದ ಪಂದ್ಯಗಳ ಸಾಲಿನಲ್ಲಿ ಇದು ಇಂದಿಗೂ ಇದೆ. ದಾಖಲೆಯಲ್ಲಿ ಮಾತ್ರ ಅದು ಗಾಡೆಟ್ ಅವರ ಇನ್ನೊಂದು ಸೋಲು. ಋತು ಮುಗಿದಾಗ ಅವರ ಲೆಕ್ಕ 4 ಗೆಲುವು, 15 ಸೋಲು. ಡ್ಯೂಕ್ ಒಟ್ಟು 13 ಗೆದ್ದು 18 ಸೋತು, 1983ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಪಡೆಯಲಿಲ್ಲ.

ಆ 19 ಪಂದ್ಯಗಳನ್ನು ಯಾರ ಹೆಸರಿಗೆ ಬರೆಯಬೇಕು? ರಜೆಯಲ್ಲಿರುವ ಮುಖ್ಯ ಕೋಚ್‌ಗೋ, ಬೆಂಚಿನಲ್ಲಿದ್ದ ಸಹಾಯಕನಿಗೋ ಎಂಬ ತೀರ್ಮಾನವನ್ನು ಎನ್‌ಸಿಎಎ ಆಯಾ ವಿಶ್ವವಿದ್ಯಾಲಯಕ್ಕೇ ಬಿಡುತ್ತದೆ. ಡ್ಯೂಕ್ ಅವನ್ನು ಗಾಡೆಟ್ ಹೆಸರಿಗೆ ಬರೆಯಿತು. ತಾಂತ್ರಿಕವಾಗಿ ಇದನ್ನು ತಪ್ಪೆನ್ನಲಾಗದು, ಬೆಂಚಿನಲ್ಲಿದ್ದವರು ಅವರೇ. ಆದರೂ ತಂಡವನ್ನು ಆರಿಸಿದವರು, ಆಟಗಾರರನ್ನು ಕರೆತಂದವರು, ಆಡುವ ರೀತಿಯನ್ನು ಕಲಿಸಿದವರು ಶಶೆಫ್‌ಸ್ಕಿ. ಎದುರಾಳಿ ತಂಡಗಳ ಅಭಿಮಾನಿಗಳು ಇದನ್ನು ಮೂರು ದಶಕಗಳಿಂದ ಕೆದಕುತ್ತಲೇ ಇದ್ದಾರೆ. ಅವರ ಉದ್ದೇಶ ಶಶೆಫ್‌ಸ್ಕಿಯನ್ನು ಚುಚ್ಚುವುದೇ ಇರಬಹುದು, ಆದರೆ ಗಾಡೆಟ್ ಪರವಾದ ವಾದವನ್ನು ಜೀವಂತ ಇಟ್ಟವರೂ ಅವರೇ. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಕೂಡ ಯಜಮಾನ ಊರಲ್ಲಿಲ್ಲ ಎಂದು ಮನೆಯ ಬಾಕಿಯನ್ನು ಆಳಿನ ಹೆಸರಿಗೆ ಬರೆಯುವುದಿಲ್ಲ.

ಅಂಕಿಗಳನ್ನು ಕೂಡಿಸಿ ನೋಡಿದರೆ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. ಶಶೆಫ್‌ಸ್ಕಿ 2022ರಲ್ಲಿ ನಿವೃತ್ತರಾದಾಗ 1,202 ಗೆಲುವು, 368 ಸೋಲು. ಗೆಲುವಿನ ಪ್ರಮಾಣ ಶೇ 76.6. ಗಾಡೆಟ್ ಅವರ 19 ಪಂದ್ಯಗಳನ್ನು ಇದಕ್ಕೆ ಸೇರಿಸಿದರೂ ಅದು ಶೇ 75.9ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಬ್ಬರಿಗೆ ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಇನ್ನೊಬ್ಬರನ್ನು ಜನ ನೆನೆಯುವುದೇ ಆ 4–15ರಿಂದ.

ಗಾಡೆಟ್ ಆ ಋತುವಿನ ನಂತರ ಡ್ಯೂಕ್ ಬಿಟ್ಟರು. ಮುಂದೆ ಒಹಾಯೊ ಸ್ಟೇಟ್‌ನ ಮಹಿಳಾ ತಂಡದಲ್ಲಿ ಸಹಾಯಕರಾಗಿದ್ದು, ಆಮೇಲೆ ಭಾರತಕ್ಕೆ ಬಂದು ಇಲ್ಲಿನ ಮಹಿಳಾ ತಂಡದ ಕೋಚ್ ಆದರು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 2010ರಲ್ಲಿ ಐಎಂಜಿ-ರಿಲಯನ್ಸ್ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಅಮೆರಿಕನ್ ಕೋಚ್‌ಗಳನ್ನು ಕರೆಸುವ ಪರಿಪಾಠ ಶುರುವಾಗಿತ್ತು. 2011ರಲ್ಲಿ ಪುರುಷರ ತಂಡಕ್ಕೆ ಬಂದ ಕೆನ್ನಿ ನ್ಯಾಟ್ ಕೂಡ ಇಂಥದೇ ಹೊರೆ ಹೊತ್ತವರು. 2008ರ ಡಿಸೆಂಬರ್‌ನಲ್ಲಿ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ತನ್ನ ಕೋಚ್‌ನನ್ನು ತೆಗೆದಾಗ ತಂಡ 6 ಗೆದ್ದು 18 ಸೋತಿತ್ತು. ನ್ಯಾಟ್ ಹಂಗಾಮಿ ಕೋಚ್ ಆಗಿ 11 ಗೆದ್ದು 47 ಸೋತರು. 17–65ರೊಂದಿಗೆ ಕಿಂಗ್ಸ್ ಆ ವರ್ಷ ಲೀಗ್‌ನಲ್ಲೇ ಕಟ್ಟಕಡೆಯ ತಂಡವಾಯಿತು. ಬೇರೆಯವರ ತಂಡವನ್ನು ಋತುವಿನ ನಡುವೆ ಎತ್ತಿಕೊಂಡ ಇಬ್ಬರು ಕೋಚ್‌ಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಭಾರತದಲ್ಲಿ ಕೆಲಸ ಮಾಡಿದರು ಎಂಬುದನ್ನು ನಮ್ಮ ಕ್ರೀಡಾಪುಟಗಳು ಆಗ ಗಮನಿಸಿದಂತೆ ಕಾಣುವುದಿಲ್ಲ. ನ್ಯಾಟ್ ನಂತರ ಬಂದ ಸ್ಕಾಟ್ ಫ್ಲೆಮಿಂಗ್ ಕೈಕೆಳಗೆ ಭಾರತ 2014ರಲ್ಲಿ ವೂಹಾನ್‌ನಲ್ಲಿ ಚೀನಾವನ್ನು 65–58ರಿಂದ ಸೋಲಿಸಿತು. ಆ ಗೆಲುವು ಸಹಜವಾಗಿಯೇ ಫ್ಲೆಮಿಂಗ್ ಹೆಸರಿನಲ್ಲಿದೆ.

ಕರ್ನಾಟಕದಲ್ಲಿ ಈ ಲೆಕ್ಕ ಕಣ್ಣೆದುರೇ ನಡೆದದ್ದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿ ‘ಎ’ ವಿಭಾಗಕ್ಕೆ ಏರಿತು. ಕೋಚ್ ಸರ್ಬಿಯಾದ ಜೋರನ್ ವಿಸಿಚ್. 2019ರ ಸೆಪ್ಟೆಂಬರ್‌ನಲ್ಲಿ ಅದೇ ಅಂಕಣದಲ್ಲಿ ‘ಎ’ ವಿಭಾಗದ ಟೂರ್ನಿ ನಡೆದಾಗ ಅದೇ ಕೋಚ್‌ನ ತಂಡ ಒಂದೂ ಪಂದ್ಯ ಗೆಲ್ಲದೆ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಎರಡು ವರ್ಷದಲ್ಲಿ ವಿಸಿಚ್ ಕಲಿಸುವುದನ್ನು ಮರೆತರೇ? ಗುಂಪಿನಲ್ಲಿ ಎದುರಿದ್ದ ಜಪಾನ್ ಆ ಟೂರ್ನಿಯ ಫೈನಲ್‌ನಲ್ಲಿ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೇ ಸಲ ಏಷ್ಯಾ ಚಾಂಪಿಯನ್ ಆಯಿತು. ಎರಡು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ತಂಡವನ್ನು ಮೇಲಿನ ವಿಭಾಗಕ್ಕೆ ಏರಿಸಿದ್ದರಿಂದಲೇ ವಿಸಿಚ್‌ಗೆ ಇಂಥ ಸೋಲುಗಳು ಬಂದವು.

ಈ ಲೆಕ್ಕ ಬೇರೆ ಆಟಗಳಲ್ಲೂ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮಿರಜ್ ತಾಲ್ಲೂಕಿನ ಬೇಡಗದ ಸುತ್ತಮುತ್ತಲ ಗಡಿ ಊರುಗಳಲ್ಲಿ ಬ್ಯಾಸ್ಕೆಟ್‌ಬಾಲ್‌ಗಿಂತ ಕುಸ್ತಿ, ಕಬಡ್ಡಿ, ಕ್ರಿಕೆಟ್‌ಗೇ ಮರ್ಯಾದೆ ಹೆಚ್ಚು. ಕವಠೆ ಪಿರಾಣದ ಮಾರುತಿ ಮಾನೆ 1964ರಲ್ಲಿ ಹಿಂದ್ ಕೇಸರಿಯಾದ ಜಿಲ್ಲೆ ಇದು. ತಾಲೀಮಿನ ಲೆಕ್ಕ ನೇರ: ಪೈಲ್ವಾನ ಬಿದ್ದರೆ ಅವನ ಗುರುವಾದ ವಸ್ತಾದನ ಹೆಸರೂ ಬೀಳುತ್ತದೆ, ಏಕೆಂದರೆ ಹುಡುಗನನ್ನು ಎಳವೆಯಿಂದ ತಿದ್ದಿದವನು ಅವನೇ. ಲೀಗ್‌ಗಳಲ್ಲಿ ಆಟಗಾರರು ಹರಾಜಿನಿಂದ ಬರುವುದರಿಂದ ಆ ನೇರ ಲೆಕ್ಕ ಹೊಂದುವುದಿಲ್ಲ. ಸಾಂಗಲಿ ಜಿಲ್ಲೆಯ ಕಾಸೆಗಾಂವದ ಕಾಶಿಲಿಂಗ ಅಡಕೆ ಇದ್ದ ಬೆಂಗಳೂರು ಬುಲ್ಸ್, 2019ರ ಜನವರಿ 5ರಂದು ಪ್ರೊ ಕಬಡ್ಡಿಯ ಆರನೇ ಆವೃತ್ತಿಯನ್ನು ಗೆದ್ದಿತು. ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಮೊದಲ ಆವೃತ್ತಿಯಿಂದಲೇ ತಂಡದ ಜೊತೆಗಿದ್ದವರು. 2024ರ ಹನ್ನೊಂದನೇ ಆವೃತ್ತಿಯಲ್ಲಿ ಅದೇ ತಂಡ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಮುಂದಿನ ಆವೃತ್ತಿಗೆ ಕನ್ನಡಿಗ ಬಿ.ಸಿ. ರಮೇಶ್ ಬಂದರು. ಸೆಹ್ರಾವತ್ ಅವರನ್ನು ಆ ಕಡೆಯ ಋತುವಿನಿಂದಷ್ಟೇ ಅಳೆಯುವವರು ಬುಲ್ಸ್‌ನ ಇತಿಹಾಸವನ್ನೇ ಅರ್ಧ ಓದಿದವರು.

ಸಾಂಗಲಿಯ ಮಾಧವನಗರದಲ್ಲಿ ಬೆಳೆದ ಸ್ಮೃತಿ ಮಂಧಾನ ಅವರ ಕ್ರಿಕೆಟ್ ತಂಡ ಆರ್‌ಸಿಬಿ ಇನ್ನೊಂದು ನಿದರ್ಶನ. 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ತಂಡ ಮೊದಲ ಐದೂ ಪಂದ್ಯಗಳನ್ನು ಸೋತಿತು. ಕೋಚ್ ಬೆನ್ ಸಾಯರ್ ಜಾಗಕ್ಕೆ ಲ್ಯೂಕ್ ವಿಲಿಯಮ್ಸ್ ಬಂದ 2024ರಲ್ಲಿ ಕಪ್ ಗೆದ್ದಿತು. ಕೋಚ್ ಬದಲಾದದ್ದೇ ಕಾರಣ ಎಂದು ಅನೇಕರು ತೀರ್ಪು ಕೊಟ್ಟರು. 2025ರಲ್ಲಿ ಅದೇ ವಿಲಿಯಮ್ಸ್ ಕೈಕೆಳಗೆ, ಎರಡು ಗೆಲುವಿನ ನಂತರ, ಆರ್‌ಸಿಬಿ ಮತ್ತೆ ಸತತ ಐದು ಸೋತಿತು. ಬೆಂಗಳೂರಿನಲ್ಲಿ ಆಡಿದ ನಾಲ್ಕೂ ಅದರಲ್ಲಿ ಸೇರಿದ್ದವು. ಹಾಗಾದರೆ ಸಾಯರ್ ಅವರ ಐದು ಸೋಲುಗಳನ್ನೂ ಮತ್ತೊಮ್ಮೆ ತೂಗಿ ನೋಡಬೇಕಾಗುತ್ತದೆ.

ಅಭಿಮಾನಿಗಳ ಒಳ್ಳೆಯ ಮಾತಿಗೆ ಬೆಲೆ ಬರುವುದು ಇಲ್ಲಿ. ಕೋಚ್ ಸಜ್ಜನ, ಕಷ್ಟಪಟ್ಟ, ಪಾಪ ಎನ್ನುವುದು ಸುಲಭ. ಅದು ಯಾರಿಗೂ ಉಪಯೋಗವಿಲ್ಲ. ತಂಡ ಕೈಗೆ ಬಂದಾಗ ಹೇಗಿತ್ತು, ಎದುರಾಳಿ ಯಾರು, ಆಟಗಾರರನ್ನು ಆರಿಸಿದವರು ಯಾರು, ಸೋಲಿನ ಅಂತರ ಎಷ್ಟು ಎಂಬ ನಾಲ್ಕು ಪ್ರಶ್ನೆ ಕೇಳಿದ ಮೇಲೆ ಉಳಿಯುವ ಹೊಗಳಿಕೆಗೆ ತೂಕವಿದೆ. ಆಗ ಉಳಿಯುವ ದೂರಿಗೂ ಅಷ್ಟೇ ತೂಕ: ಟೈಮ್‌ಔಟ್ ಇಟ್ಟುಕೊಂಡೂ ಬಳಸದವನನ್ನು, ದಣಿದ ಐವರನ್ನೇ ಅಂಕಣದಲ್ಲಿ ಬಿಟ್ಟವನನ್ನು ಟೀಕಿಸಲೇಬೇಕು. ಗಾಡೆಟ್ ಅವರ 15 ಸೋಲುಗಳಲ್ಲಿ ಅಂಥವೂ ಕೆಲವು ಇದ್ದಿರಬಹುದು. ಹದಿನೈದೂ ಅವರೊಬ್ಬರವೇ ಎನ್ನುವ ದಾಖಲೆಯನ್ನು ಮಾತ್ರ ಒಪ್ಪುವುದು ಕಷ್ಟ.